ಒಂಬತ್ತು ಅಂತಸ್ತು ಬರಲಿ ಅನ್ನೋಣವೋ, ಬೇಡ ಅನ್ನೋಣವೋ?

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆ ಕಡೆಯ ಬಡಾವಣೆಯಲ್ಲಿ ನಮ್ಮ ಮನೆ. ಸುತ್ತ ಎಲ್ಲ ಒಂದೆರಡು ಅಂತಸ್ತಿನ ಮನೆಗಳೇ. ಈಗ ಹಿಂದಿನ ಖಾಲಿ ಜಾಗದಲ್ಲಿ ಒಂಬತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತದಂತೆ. ಸೈಟ್ ರೇಟ್ ಏರುತ್ತೆ, ಬರಲಿ ಬಿಡಿ ಅಂತಾರೆ ಕೆಲವರು. ಬಿಸಿಲು, ನೀರು ಎರಡೂ ಹೋಯಿತು ಅಂತಾರೆ ಇನ್ನು ಕೆಲವರು. ಸಂಘದ ಸಭೆಯಲ್ಲಿ ಜಗಳವೇ ಆಯಿತು. ಏನು ಮಾಡೋಣ?
– ಓದುಗರು, ಹಾಸನ

ಉತ್ತರ: ಮೊದಲು ಅಂತಸ್ತು ಎಣಿಸುವುದನ್ನು ಬಿಡಿ, ರಸ್ತೆ ಅಳೆಯಿರಿ. ಎಷ್ಟು ಎತ್ತರ ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಅನ್ನುವುದು ಮುಂದಿನ ರಸ್ತೆಯ ಅಗಲ ಮತ್ತು ನಿವೇಶನದ ಅಳತೆಯ ಮೇಲೆ ನಿಂತಿದೆ. ಕಟ್ಟಡ ಎತ್ತರವಾದಷ್ಟೂ ಬಿಡುವ ಜಾಗ ಜಾಸ್ತಿ ಆಗಬೇಕು. ಬಿಸಿಲು, ಗಾಳಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದೊಡ್ಡ ರಸ್ತೆಯ ಪಕ್ಕ ಎತ್ತರದ ಕಟ್ಟಡ ಬಂದರೆ ತಪ್ಪಿಲ್ಲ. ಊರು ಮೇಲಕ್ಕೆ ಬೆಳೆಯದಿದ್ದರೆ ಸುತ್ತಲಿನ ಗದ್ದೆ, ತೋಟ ಎಲ್ಲ ಸೈಟ್ ಆಗುತ್ತವೆ, ಅಲ್ವಾ? ಆದರೆ ಎರಡು ಕಾರು ಎದುರುಬದುರು ಬಂದರೆ ಒಂದು ಹಿಂದಕ್ಕೆ ಹೋಗಬೇಕಾದ ಬಡಾವಣೆ ರಸ್ತೆಯಲ್ಲಿ ಒಂಬತ್ತು ಅಂತಸ್ತು ಖಂಡಿತ ಬೇಡ, ಬೆಂಕಿ ಬಿದ್ದ ದಿನ ಅಗ್ನಿಶಾಮಕದ ಗಾಡಿ ಒಳಗೆ ಬಂದು ತಿರುಗುವುದಾದರೂ ಹೇಗೆ?

ನೀರಿನದು ಇನ್ನೂ ದೊಡ್ಡ ಮಾತು. ಹಾಸನಕ್ಕೆ ಬರುವುದು ಹೇಮಾವತಿ ನೀರು. ಅಪಾರ್ಟ್‌ಮೆಂಟಿಗೆ ನಲ್ಲಿ ನೀರು ಸಾಲದಿದ್ದರೆ ಬೋರ್‌ವೆಲ್ ಕೊರೆಸುತ್ತಾರೆ, ಬೇಸಿಗೆಯಲ್ಲಿ ಅದರ ಬಿಸಿ ತಟ್ಟುವುದು ಪಕ್ಕದ ಮನೆಗಳ ಬೋರಿಗೆ. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಇದ್ದ ಸಣ್ಣ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪಿಗೇ ಜೋಡಿಸಿದರೆ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದು ನಿಮ್ಮ ಬಾಗಿಲಲ್ಲಿ.

ಸುಮ್ನೆ ಸಭೆಯಲ್ಲಿ ಕೂಗಾಡುವ ಬದಲು ಕಾಗದ ತರಿಸಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಮಂಜೂರಾದ ನಕ್ಷೆ ಮತ್ತು ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಎರಡರ ಪ್ರತಿಯನ್ನೂ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಫ್ಲ್ಯಾಟ್ ಮಾರುವುದಾದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು, ಅದರ ವಿವರ ರೇರಾ ವೆಬ್‌ಸೈಟಿನಲ್ಲೇ ಸಿಗುತ್ತದೆ. ಎಲ್ಲವನ್ನೂ ಒಂದಕ್ಕೊಂದು ಹೋಲಿಸಿ ನೋಡಿ. ಎಲ್ಲ ಸರಿ ಇದ್ದರೆ ವಿರೋಧ ಬಿಡಿ, ಅಲ್ಲಿಗೆ ಬರುವವರೂ ನಾಳೆ ನಿಮ್ಮ ಅಕ್ಕಪಕ್ಕದವರೇ. ಸರಿ ಇಲ್ಲದಿದ್ದರೆ ಸಂಘದ ಹೆಸರಲ್ಲಿ ನಕ್ಷೆ ಮಂಜೂರು ಮಾಡಿದ ಕಚೇರಿಗೆ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಡ ಮಾಡಬೇಡಿ. ಪಾಯ ತೋಡುವಾಗ ತಡೆಯುವುದು ಸುಲಭ, ಆರನೇ ಸ್ಲ್ಯಾಬ್ ಹಾಕಿದ ಮೇಲೆ ತುಂಬಾ ಕಷ್ಟ.