ಥೈರಾಯ್ಡ್ ಮಾತ್ರೆ ತಗೊಂಡರೂ ಮೈಕೈ ನೋವು ಹೋಗಿಲ್ಲ, ಕ್ಯಾಲ್ಸಿಯಂ 10.8 ಬಂದಿದೆ. ಪ್ಯಾರಾಥೈರಾಯ್ಡ್ ಸ್ಕ್ಯಾನ್ ಎಲ್ಲಿ ಮಾಡಿಸಲಿ?

ಸ್ಕ್ಯಾನ್ ಎಲ್ಲಿ ಅನ್ನೋದನ್ನ ಆಮೇಲೆ ನೋಡೋಣ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ನನ್ನ ಹಳೇ ಫೈಲು ಕಣ್ಣಮುಂದೆ ಬಂತು. ಥೈರಾಯ್ಡ್ ಅಳೆಯೋ ಟಿಎಸ್ಎಚ್ ಟೆಸ್ಟ್ ಸರಿಯಿದೆ, ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಆದರೂ ಸುಸ್ತು, ಮೂಳೆ ನೋವು. ರಿಪೋರ್ಟಿನ ಎರಡನೇ ಹಾಳೆಯಲ್ಲಿ ಕ್ಯಾಲ್ಸಿಯಂ ಪಕ್ಕ ಒಂದು ಪುಟ್ಟ 'ಎಚ್', ಅಂದರೆ ಹೈ, ಮಿತಿಗಿಂತ ಜಾಸ್ತಿ.

ನಾನು ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. 2011ರಿಂದ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನ್ ಕಮ್ಮಿ; ಅದಕ್ಕೆ ದಿನಾ ಬೆಳಿಗ್ಗೆ 75 ಮೈಕ್ರೋಗ್ರಾಂ ಥೈರಾಕ್ಸಿನ್. ಅವತ್ತಿನಿಂದ ಮೈಯಲ್ಲಿ ಏನೇ ಆಗಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: 'ಥೈರಾಯ್ಡ್ ಇದೆಯಲ್ಲ, ಅದಕ್ಕೇ.' ಮಲಬದ್ಧತೆ ಆದರೂ ಥೈರಾಯ್ಡ್, ಮಧ್ಯಾಹ್ನ ಪಾಠ ಮಾಡ್ತಾ ಮಾಡ್ತಾ ಕುರ್ಚಿ ಹುಡುಕೋ ಹಾಗಾದರೂ ಥೈರಾಯ್ಡ್. ನಾನೂ ನಂಬಿದ್ದೆ.

2017ರಲ್ಲಿ ಒಂದು ಹೆಲ್ತ್ ಚೆಕಪ್‌ನಲ್ಲಿ ಕ್ಯಾಲ್ಸಿಯಂ 10.9 ಬಂತು. ಆ ಲ್ಯಾಬಿನ ಮಿತಿ 10.2. "ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ, ಮೂಳೆ ಗಟ್ಟಿ ಇದೆ ಅಂತ ತಾನೆ" ಅಂದರು ನಮ್ಮನೆಯವರು. ನನಗೂ ಹಾಗೇ ಅನ್ನಿಸಿತು. ರಕ್ತದಲ್ಲಿ ಹೆಚ್ಚಾಗಿರೋ ಕ್ಯಾಲ್ಸಿಯಂ ಮೂಳೆಯಿಂದಲೇ ಕಿತ್ತು ಬಂದದ್ದಿರಬಹುದು ಅಂತ ಯಾರಿಗೆ ಹೊಳೆಯುತ್ತೆ? ಮರುವರ್ಷ ಕಿಡ್ನಿಯಲ್ಲಿ ಕಲ್ಲು. ಬಾಳೆದಿಂಡಿನ ರಸ, ಹುರುಳಿಕಟ್ಟು ಎಲ್ಲಾ ಆಯ್ತು. 2019ರಲ್ಲಿ ಇನ್ನೊಂದು ಕಲ್ಲು. ಆಗ ಮಂಡ್ಯದ ಡಾಕ್ಟರು ಕ್ಯಾಲ್ಸಿಯಂ ಮತ್ತೆ ನೋಡಿಸಿದರು. 11.2. "ಪಿಟಿಎಚ್ ಅಂತ ಒಂದು ಟೆಸ್ಟ್ ಇದೆ, ಮಾಡಿಸ್ಕೊಂಡು ಬಂದು ತೋರಿಸಿ" ಅಂದರು.

ನಾನು ತಪ್ಪಿದ್ದು ಇಲ್ಲೇ. ಅವತ್ತೇ ಮಾಡಿಸಲಿಲ್ಲ. ಹದಿನೈದು ದಿನ ಬಿಟ್ಟು ಮೈಸೂರಿಗೆ ಮದುವೆಗೆ ಹೋದಾಗ ಬೇರೆ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆ. ಪಿಟಿಎಚ್ 58 ಬಂತು. ಪಕ್ಕದಲ್ಲಿ ಅಚ್ಚಾಗಿದ್ದ ಮಿತಿ 15ರಿಂದ 65. ಕೆಂಪು ಗುರುತಿಲ್ಲ, 'ಎಚ್' ಇಲ್ಲ. ಮೊಬೈಲಿನಲ್ಲೇ ರಿಪೋರ್ಟ್ ನೋಡಿ ಡಾಕ್ಟರಿಗೆ ಫೋನ್ ಮಾಡಿದೆ: "ಸರ್, ಪಿಟಿಎಚ್ ನಾರ್ಮಲ್ ಬಂತು." ನಂಬರ್ ಹೇಳಲಿಲ್ಲ. ತೋರಿಸೋಕೂ ಹೋಗಲಿಲ್ಲ. ಕ್ಯಾಲ್ಸಿಯಂ ಹಾಳೆ ಮಂಡ್ಯದ ಮನೆಯ ಬೀರುವಿನಲ್ಲಿ, ಪಿಟಿಎಚ್ ಹಾಳೆ ಫೋನಿನಲ್ಲಿ. ಎರಡೂ ಎರಡು ವರ್ಷ ಒಂದನ್ನೊಂದು ನೋಡಲೇ ಇಲ್ಲ.

ಇದನ್ನ ಬಿಡಿಸಿ ಹೇಳ್ತೀನಿ. ಪಿಟಿಎಚ್ ಅಂದರೆ ಪ್ಯಾರಾಥೈರಾಯ್ಡ್ ಗ್ರಂಥಿಗಳು ಬಿಡೋ ಹಾರ್ಮೋನ್. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೆ ಅದು ಏರಿ ಕ್ಯಾಲ್ಸಿಯಂ ಮೇಲೆತ್ತುತ್ತೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಅದು ತಳಕ್ಕೆ ಇಳಿದುಬಿಡಬೇಕು. ಅಂದರೆ 11.2 ಕ್ಯಾಲ್ಸಿಯಂ ಇರೋ ಮೈಯಲ್ಲಿ ಗ್ರಂಥಿ ಸರಿಯಿದ್ದಿದ್ದರೆ ಪಿಟಿಎಚ್ 15ರ ಆಸುಪಾಸೋ ಅದಕ್ಕೂ ಕೆಳಗೋ ಇರಬೇಕಿತ್ತು. ನನ್ನದು 58. ಆ 15–65 ಅನ್ನೋ ಮಿತಿ ಕ್ಯಾಲ್ಸಿಯಂ ಸರಿಯಿರೋರಿಗೆ. ನನಗಲ್ಲ, ನಿಮಗೂ ಅಲ್ಲ. ಆಮೇಲೆ ಮೈಸೂರಿನ ಹಾರ್ಮೋನ್ ಡಾಕ್ಟರು ಇದನ್ನು ವಿವರಿಸುವಾಗ ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು, ಬೇಸಾಯಗಾರರು, ತಕ್ಷಣ ಅಂದರು: "ಅಂದ್ರೆ ಗದ್ದೆ ತುಂಬಿ ಬದು ಮೇಲೆ ನೀರು ಹರೀತಿದ್ರೂ ಮೋಟ್ರು ಓಡ್ತಾನೇ ಐತೆ ಅನ್ನಿ." ಡಾಕ್ಟರು ತಲೆಯಾಡಿಸಿದರು. ಮೋಟರ್ ಎಂದಿನ ಸ್ಪೀಡಲ್ಲೇ ಇದೆ ಅಂತ ನಾನು ಸಮಾಧಾನ ಪಟ್ಟುಕೊಂಡಿದ್ದೆ. ಅದು ಓಡಲೇಬಾರದಿತ್ತು.

ಈ ತಪ್ಪಿನ ಬೆಲೆ ನನ್ನ ಬಲಗೈ. 2021ರ ಮಳೆಗಾಲದಲ್ಲಿ ಹಿತ್ತಿಲ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ಜಾರಿದೆ. ಬಿದ್ದದ್ದು ಜೋರಾಗೇನೂ ಅಲ್ಲ, ಕೈ ಊರಿದೆ ಅಷ್ಟೆ, ಮಣಿಕಟ್ಟು ಮುರಿಯಿತು. ಮೂಳೆ ಡಾಕ್ಟರು ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನಿಗಿಂತ ಮುಂಗೈ ಮೂಳೆಯೇ ಹೆಚ್ಚು ಸವೆದಿತ್ತು. ಹೀಗೆ ಗ್ರಂಥಿ ಪಿಟಿಎಚ್ ಅತಿಯಾಗಿ ಬಿಡೋ ಪ್ಯಾರಾಥೈರಾಯ್ಡ್ ಕಾಯಿಲೆ ಆ ಜಾಗವನ್ನೇ ಹೆಚ್ಚು ತಿನ್ನುತ್ತೆ ಅಂತ ಅವರೇ ಮೈಸೂರಿಗೆ ಕಳಿಸಿದ್ದು. ಆರು ವಾರ ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆದೆ. ಒಂದನೇ ಕ್ಲಾಸಿನ ಮಕ್ಕಳಿಗೆ 'ಅ' ತಿದ್ದಿಸೋಕೆ ಕೈ ಬಗ್ಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಸ್ಕ್ಯಾನ್‌ನಿಂದ ಈ ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ರಕ್ತದಿಂದ ಗೊತ್ತಾಗುತ್ತೆ. ಸ್ಕ್ಯಾನ್ ಇರೋದು, ಕಾಯಿಲೆ ಖಾತ್ರಿಯಾಗಿ ಆಪರೇಷನ್ ಅಂತ ನಿರ್ಧಾರವಾದ ಮೇಲೆ, ಕೆಟ್ಟಿರೋ ಗ್ರಂಥಿ ಎಲ್ಲಿದೆ ಅಂತ ಹುಡುಕೋಕೆ. ಇರೋದು ಸಾಮಾನ್ಯವಾಗಿ ನಾಲ್ಕು ಗ್ರಂಥಿ, ಥೈರಾಯ್ಡ್ ಹಿಂದೆ, ಒಂದೊಂದೂ ಅಕ್ಕಿಕಾಳಿನಷ್ಟು. 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಬರೆಯೋವರೆಗೆ ಮನುಷ್ಯನ ಕುತ್ತಿಗೆಯಲ್ಲಿ ಇವು ಇವೆ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಸ್ಕ್ಯಾನಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಇಲ್ಲ ಅಂತಲ್ಲ. ಥೈರಾಯ್ಡಿನಲ್ಲಿ ಗಂಟಿದ್ದರೆ ಈ ಗ್ರಂಥಿ ಹುಡುಕೋಕೆ ಮಾಡೋ ಸೆಸ್ಟಾಮಿಬಿ ಸ್ಕ್ಯಾನ್‌ನಲ್ಲಿ ಅದೇ ಹೊಳೆದು ದಾರಿ ತಪ್ಪಿಸಬಹುದು. ಮೊದಲೇ ಸ್ಕ್ಯಾನಿಗೆ ಓಡಿ 'ಏನೂ ಇಲ್ಲ' ಅನ್ನಿಸಿಕೊಂಡು ಬಂದರೆ ನನ್ನ ಹಾಗೇ ಎರಡು ವರ್ಷ ಕಳೀತೀರ.

ಇನ್ನೊಂದು. ಹೈಪೋಥೈರಾಯ್ಡ್‌ನಿಂದ ಪ್ಯಾರಾಥೈರಾಯ್ಡ್ ಕಾಯಿಲೆ ಬರಲ್ಲ. ಹೆಸರು ಒಂದೇ ಥರ, ಜಾಗ ಅಕ್ಕಪಕ್ಕ, ಕೆಲಸ ಬೇರೆ ಬೇರೆ. ಒಬ್ಬರಲ್ಲೇ ಎರಡೂ ಇರಬಹುದು, ನನಗಿತ್ತು. ಆದ್ದರಿಂದ ಸುಸ್ತಿಗೆ ಥೈರಾಕ್ಸಿನ್ ಡೋಸ್ ಏರಿಸಿ ಅಂತ ದಯವಿಟ್ಟು ಕೇಳಬೇಡಿ. ಅತಿಯಾದ ಥೈರಾಕ್ಸಿನ್ ಕೂಡ ಕ್ಯಾಲ್ಸಿಯಂ ಸ್ವಲ್ಪ ಏರಿಸುತ್ತೆ, ಮೂಳೆ ಸವೆಸುತ್ತೆ, ಆಗ ಗೋಜಲು ಇನ್ನೂ ಹೆಚ್ಚುತ್ತೆ.

ಮಾಡಬೇಕಾದ್ದು: ಒಂದೇ ದಿನ, ಒಂದೇ ಲ್ಯಾಬು, ಒಂದೇ ಸಲ ಚುಚ್ಚಿದ ರಕ್ತದಲ್ಲಿ ಕ್ಯಾಲ್ಸಿಯಂ, ಆಲ್ಬುಮಿನ್, ಫಾಸ್ಫರಸ್, ಕ್ರಿಯಾಟಿನಿನ್, ವಿಟಮಿನ್ ಡಿ, ಪಿಟಿಎಚ್, ಜೊತೆಗೆ ಟಿಎಸ್ಎಚ್. ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ದರೆ ಮೊದಲೇ ಹೇಳಿ, ಕೆಲವು ದಿನ ನಿಲ್ಲಿಸಿ ಹೋಗಿ. ಕೆಲವು ಯಂತ್ರಗಳಲ್ಲಿ ಅದು ಪಿಟಿಎಚ್ ಅನ್ನೂ ಟಿಎಸ್ಎಚ್ ಅನ್ನೂ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ. ಬಿಪಿಗೆ ಥೈಯಾಜೈಡ್ ಜಾತಿಯ ಮಾತ್ರೆ ಇದ್ದರೂ ಹೇಳಿ, ಅದೂ ಕ್ಯಾಲ್ಸಿಯಂ ಏರಿಸುತ್ತೆ, ಆದರೆ ನೀವಾಗೇ ನಿಲ್ಲಿಸಬೇಡಿ. ಕ್ಯಾಲ್ಸಿಯಂ ಸರಿಯಿದ್ದು ಪಿಟಿಎಚ್ ಮಾತ್ರ ಜಾಸ್ತಿ ಬಂದರೆ ಗಾಬರಿ ಬೇಡ. ವಿಟಮಿನ್ ಡಿ ಕಮ್ಮಿ ಇದ್ದರೂ, ಕಿಡ್ನಿ ಸೋತಿದ್ದರೂ ಹಾಗೆ ಬರುತ್ತೆ.

ನನಗೆ ಒಂದೇ ದಿನ ತೆಗೆದಾಗ ಕ್ಯಾಲ್ಸಿಯಂ 11.4, ಪಿಟಿಎಚ್ 96, ವಿಟಮಿನ್ ಡಿ 14. ಆಮೇಲೆ 24 ಗಂಟೆ ಮೂತ್ರದ ಟೆಸ್ಟ್. ಭಾನುವಾರ ಬೆಳಿಗ್ಗೆ ಮೊದಲ ಸಲದ್ದು ಚೆಲ್ಲಿ, ಅಲ್ಲಿಂದ ಸೋಮವಾರ ಬೆಳಿಗ್ಗೆ ಅದೇ ಹೊತ್ತಿನವರೆಗೆ ಎಲ್ಲವನ್ನೂ ಲ್ಯಾಬಿನವರು ಕೊಟ್ಟ ಐದು ಲೀಟರ್ ಕ್ಯಾನಿಗೆ ತುಂಬಬೇಕು. ನಮ್ಮನೆಯವರು ಆ ಕ್ಯಾನನ್ನ ಗೊಬ್ಬರದ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ಮೈಸೂರಿಗೆ ಒಯ್ದರು. ಮುಜುಗರ ಅಂತ ಈ ಟೆಸ್ಟ್ ಬಿಡಬೇಡಿ. ಮನೆತನದಲ್ಲಿ ಹರಿದು ಬರೋ ಒಂದು ಸ್ಥಿತಿ ಇದೆ, ಅದರಲ್ಲೂ ರಕ್ತದ ಕ್ಯಾಲ್ಸಿಯಂ ಜಾಸ್ತಿ, ಪಿಟಿಎಚ್ ನಾರ್ಮಲ್ಲೋ ಸ್ವಲ್ಪ ಜಾಸ್ತಿಯೋ ಇರುತ್ತೆ, ಮೂತ್ರದಲ್ಲಿ ಮಾತ್ರ ಕಮ್ಮಿ. ಅಂಥವರಿಗೆ ಆಪರೇಷನ್ನಿಂದ ಉಪಯೋಗವಿಲ್ಲ. ನನ್ನದು ಮೂತ್ರದಲ್ಲೂ ಜಾಸ್ತಿ ಇತ್ತು.

ಹಾಲು, ರಾಗಿಮುದ್ದೆ ಬಿಡಬೇಡಿ. ನಾನು ಭಯಕ್ಕೆ ಮೂರು ತಿಂಗಳು ಎರಡನ್ನೂ ಬಿಟ್ಟಿದ್ದೆ, ಡಾಕ್ಟರು ಬೈದರು. ಊಟದ ಕ್ಯಾಲ್ಸಿಯಂ ಕಡಿತ ಮಾಡಿದರೆ ಗ್ರಂಥಿ ಮೂಳೆಯನ್ನ ಇನ್ನಷ್ಟು ಕೀಳುತ್ತೆ. ನೀರು ಚೆನ್ನಾಗಿ ಕುಡೀರಿ. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಪುಡಿ ಪ್ಯಾಕೆಟ್ಟು ಮಾತ್ರ ಅಂಗಡಿಯಿಂದ ನೀವಾಗೇ ತಂದು ಶುರು ಮಾಡಬೇಡಿ.

ಆಪರೇಷನ್ 2022ರಲ್ಲಿ ಆಯ್ತು. ಎಡಗಡೆ ಕೆಳಗಿನ ಗ್ರಂಥಿ ಒಂದೇ ಕೆಟ್ಟಿದ್ದು, ಅವರೆಕಾಳಿನಷ್ಟು ಬೆಳೆದಿತ್ತು. ಬಹುತೇಕರಿಗೆ ಹೀಗೇ ಒಂದೇ ಕೆಟ್ಟಿರುತ್ತಂತೆ. ತೆಗೆದ ಹತ್ತು ನಿಮಿಷಕ್ಕೆ ಪಿಟಿಎಚ್ ಅರ್ಧಕ್ಕಿಂತ ಕೆಳಗಿಳಿದದ್ದನ್ನ ನೋಡಿಯೇ ಹೊಲಿಗೆ ಹಾಕಿದರು. ಮೂರನೇ ದಿನ ತುಟಿ ಸುತ್ತ, ಬೆರಳ ತುದಿಗೆ ಜುಮುಜುಮು ಶುರುವಾಯ್ತು, ಕ್ಯಾಲ್ಸಿಯಂ ಕೊಟ್ಟ ಮೇಲೆ ನಿಂತಿತು. ಥೈರಾಯ್ಡ್ ಆಪರೇಷನ್ ಆದವರಿಗೂ ಈ ಜುಮುಜುಮು ಬಂದರೆ ಕಡೆಗಣಿಸಬಾರದು. ಅಲ್ಲಿ ಪಕ್ಕದ ಪ್ಯಾರಾಥೈರಾಯ್ಡಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಕುಸಿದಿರಬಹುದು.

ಆಮೇಲೆ ಕಲ್ಲು ಮತ್ತೆ ಬಂದಿಲ್ಲ. ಸುಸ್ತು ಪೂರ್ತಿ ಹೋಯ್ತು ಅಂತ ಸುಳ್ಳು ಹೇಳಲ್ಲ, ಮಧ್ಯಾಹ್ನದ ಪಾಠ ಮಾತ್ರ ಈಗ ನಿಂತೇ ಮಾಡ್ತೀನಿ. ಥೈರಾಕ್ಸಿನ್ ಈಗಲೂ 75, ಬೆಳಿಗ್ಗೆ ಐದೂವರೆಗೆ ಬರೀ ಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆ ರಾತ್ರಿ ಊಟದ ಜೊತೆ. ಎರಡರ ಮಧ್ಯೆ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಹತ್ತಲ್ಲ. ನಿಮ್ಮ ಪಿಟಿಎಚ್ ಬಂದ ಮೇಲೆ ಫೋನಿನಲ್ಲಿ 'ನಾರ್ಮಲ್' ಅಂತ ಹೇಳಬೇಡಿ. ಎರಡೂ ಹಾಳೆ ಒಟ್ಟಿಗೆ ಪಿನ್ ಹಾಕಿ ಹಾರ್ಮೋನ್ ಡಾಕ್ಟರ ಮೇಜಿನ ಮೇಲೆ ಇಡಿ.