ಅಮೆರಿಕದಲ್ಲಿ ಯಕ್ಷಗಾನ ಆಡಲು ವಿಸಿಟರ್ ವೀಸಾ ಸಾಕಾ?

ಅಮೆರಿಕದ ಕನ್ನಡ ಸಂಘವೊಂದು ನಿಮ್ಮ ಮೇಳವನ್ನು ಕರೆದಿದೆ. ಸಂಭಾವನೆ ಇಲ್ಲ, ಖರ್ಚು ಮಾತ್ರ ಕೊಡ್ತೀವಿ, ವಿಸಿಟರ್ ವೀಸಾದಲ್ಲೇ ಬನ್ನಿ ಅಂದಿದ್ದಾರೆ. ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಹೋಗಬೇಡಿ. ಮೇಳದ ವೀಸಾ ಕಾಗದಪತ್ರ ನೋಡಿಕೊಳ್ಳುವವನಾಗಿ ಹೇಳುತ್ತಿದ್ದೇನೆ.

ದುಡ್ಡು ಮುಟ್ಟದಿದ್ದರೆ ಸಾಕು ಅನ್ನುವುದು ತಪ್ಪು ಲೆಕ್ಕ. ಬಿ-2 ಅನ್ನುವ ಈ ವಿಸಿಟರ್ ವೀಸಾದಲ್ಲಿ ರಂಗಸ್ಥಳ ಹತ್ತುವ ಅವಕಾಶ ಇರುವುದು ಹವ್ಯಾಸಿಗಳಿಗೆ. ಊರಲ್ಲಿ ಆಟಕ್ಕೆ ಸಂಭಾವನೆ ಪಡೆಯುವವರು ಅಲ್ಲಿ ಪುಕ್ಕಟೆ ಕುಣಿದರೂ ಆ ನಿಯಮದಲ್ಲಿ ಹವ್ಯಾಸಿ ಆಗುವುದಿಲ್ಲ. ಅವರ ಹೊಟ್ಟೆಪಾಡು ಬೇರೆ ಕೆಲಸದಿಂದ ನಡೆಯುತ್ತಿದ್ದರೂ ಅಷ್ಟೇ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿ, ಕಿರೀಟ, ಭುಜಕೀರ್ತಿ ನೋಡಿ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾದವರು ಕಲಾವಿದರು, ಸಂಘದವರಲ್ಲ.

ನಿಮಗೆ ಬೇಕಿರುವುದು ಪಿ-3. ಒಂದು ನಾಡಿನದೇ ಆದ ಕಲೆ ತೋರಿಸಲು ಬರುವವರಿಗೆ ಇರುವ ವೀಸಾ ಇದು. ಸಂಭಾವನೆಯನ್ನೂ ಪಡೆಯಬಹುದು. ಅರ್ಜಿ ಹಾಕುವುದು ನೀವಲ್ಲ, ಕರೆಸುವವರು. ಐ-129 ಫಾರಂ, ಒಪ್ಪಂದ, ಎಲ್ಲೆಲ್ಲಿ ಯಾವತ್ತು ಆಟ ಅನ್ನುವ ಪಟ್ಟಿ, ಅಲ್ಲಿನ ಕಲಾವಿದರ ಯೂನಿಯನ್‌ನಿಂದ ಅಭಿಪ್ರಾಯ ಪತ್ರ, ಇಷ್ಟು ಬೇಕು. ಒಂದು ವರ್ಷ ಮೊದಲೇ ಹಾಕಬಹುದು, ಬೇಗ ಶುರು ಮಾಡಿಸಿ. ಸಂಘದವರು ಖರ್ಚು ಜಾಸ್ತಿ ಅಂದರೆ, 2024ರ ಏಪ್ರಿಲ್‌ನಲ್ಲಿ ಬಂದ ದರದಂತೆ ಲಾಭರಹಿತ ಸಂಸ್ಥೆಗೆ ಐ-129 ಶುಲ್ಕ 510 ಡಾಲರ್, ಉಳಿದ ದೊಡ್ಡ ಸಂಸ್ಥೆಗಳಿಗೆ 1,015 ಅಂತ ತಿಳಿಸಿ. ಒಂದೇ ಅರ್ಜಿಯಲ್ಲಿ 25 ಹೆಸರು ಸೇರಿಸಬಹುದು.

ನಿಜವಾದ ಕೆಲಸ ಇರುವುದು ಪುರಾವೆಯಲ್ಲಿ. ಅರ್ಜಿ ನೋಡುವ ಅಧಿಕಾರಿ ಚೆಂಡೆಯ ಸದ್ದನ್ನೇ ಕೇಳಿರಲಿಕ್ಕಿಲ್ಲ. ತೆಂಕುತಿಟ್ಟು, ಬಡಗುತಿಟ್ಟು ಅಂದರೇನು, ಭಾಗವತರ ಪಾತ್ರವೇನು, ನಿಮ್ಮವರು ಯಾರ ಹತ್ತಿರ ಕಲಿತವರು ಅಂತ ಬಲ್ಲ ವಿದ್ವಾಂಸರಿಂದ ವಿವರವಾದ ಪತ್ರ ಬರೆಸಿ. ‘ಇವರು ಒಳ್ಳೆಯ ಕಲಾವಿದರು’ ಅನ್ನುವ ಎರಡು ಸಾಲಿನ ಪತ್ರ ಪ್ರಯೋಜನಕ್ಕೆ ಬರುವುದಿಲ್ಲ. ಪತ್ರಿಕೆಯ ವಿಮರ್ಶೆಗಳಿಗೆ ಇಂಗ್ಲಿಷ್ ಅನುವಾದವೂ, ಅನುವಾದಕರ ದೃಢೀಕರಣವೂ ಜೊತೆಗಿರಲಿ.

ಹೊಸ ಪ್ರಯೋಗದ ಪ್ರಸಂಗ ಒಯ್ಯುವುದಾದರೆ ಹೆದರಬೇಡಿ. ಯಹೂದಿ ಕ್ಲೆಜ್ಮರ್ ಸಂಗೀತಕ್ಕೆ ಲ್ಯಾಟಿನ್ ಸಂಗೀತ ಬೆರೆಸುತ್ತಿದ್ದ ಅರ್ಜೆಂಟೀನಾದ ತಂಡವೊಂದರ ಅರ್ಜಿ ಮೊದಲು ತಿರಸ್ಕಾರವಾಗಿತ್ತು. ಆ ತಂಡಕ್ಕಾಗಿ ಅರ್ಜಿ ಹಾಕಿದ್ದ ಸ್ಕರ್ಬಾಲ್ ಕಲ್ಚರಲ್ ಸೆಂಟರ್‌ನ ಪ್ರಕರಣದಲ್ಲಿ 2012ರಲ್ಲಿ, ಬೆರಕೆಯಾದ ಕಲೆಯೂ ಪಿ-3ಗೆ ಸಲ್ಲುತ್ತದೆ ಅಂತ ತೀರ್ಮಾನವಾಯಿತು.

ಹಿಮ್ಮೇಳದವರೂ ಕಲಾವಿದರೇ, ಅವರಿಗೂ ಪಿ-3. ವೇಷ ಕಟ್ಟಲು ನೆರವಾಗುವವರಿಗೆ ಮಾತ್ರ ಪಿ-3ಎಸ್ ಅಂತ ಬೇರೆ ಅರ್ಜಿ ಹಾಕಿಸಿ. ಅವರ ಹೆಸರು ಈಗಲೇ ಸಂಘಕ್ಕೆ ಕೊಟ್ಟುಬಿಡಿ.