ಮಳೆಗಾಲದಲ್ಲಿ ಕೋಳಿಗೂಡಿನ ಹಾಸನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಎಂಟು ಊರಕೋಳಿ, ಮರದ ಹುಡಿ ಹಾಸಿದ ಗೂಡು, ವಾರಕ್ಕೊಮ್ಮೆ ತೆಗೆದು ಸುಣ್ಣ ಹಾಕಿದರೂ ನೆರೆಮನೆಗೆ ವಾಸನೆ ಹೋಗುತ್ತದೆ ಎಂದಿದ್ದೀರಿ. ನಾನು ಉಡುಪಿ ಹತ್ತಿರದ ಕಟಪಾಡಿ ಕಡೆಯವಳು, ನಮ್ಮ ಹಿತ್ತಿಲಲ್ಲೂ ಹತ್ತು ಹನ್ನೆರಡು ಕೋಳಿ ಇವೆ. ದಿನ ಎಣಿಸಬೇಡಿ, ಹಾಸಿನೊಳಗೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಒಣಗಿದ ಹಿಕ್ಕೆ ಅಷ್ಟು ನಾರುವುದಿಲ್ಲ. ಒದ್ದೆಯಾದರೆ ಅಮೋನಿಯಾ ಎಂಬ ಘಾಟು ಅನಿಲ ಏಳುತ್ತದೆ.

ನಮ್ಮಲ್ಲಿ ಬರುತ್ತಿದ್ದದ್ದು ಪಡುವಣ ಗಾಳಿಯ ಎರಚಲಿನಿಂದ, ಇನ್ನೊಂದು ಕೋಳಿಗಳು ಮಗುಚುವ ನೀರಿನ ಪಾತ್ರೆಯಿಂದ. ಗಾಳಿ ಬರುವ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು, ಮೇಲೆ ಗಾಳಿಯಾಡಲು ಒಂದು ಅಡಿ ಬಿಟ್ಟು. ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಕಲ್ಲಿನ ಮೇಲಿಟ್ಟೆವು.

ರಾತ್ರಿ ಕೋಳಿ ಕೂರುವ ಕೋಲಿನ ಅಡಿಯಲ್ಲೇ ತುಂಬ ಹಿಕ್ಕೆ ಬೀಳುತ್ತದೆ. ಅಲ್ಲಿ ಅಗಲದ ಅಡಿಕೆ ಹಾಳೆ ಇಟ್ಟು ಬೆಳಿಗ್ಗೆ ಎಳೆದು ತೆಗೆಯಿರಿ. ನಮ್ಮ ಅರ್ಧ ಕೆಲಸ ಅದರಲ್ಲೇ ಮುಗಿಯಿತು.

ಉಳಿದ ಹಾಸು ನಾಲ್ಕು ಇಂಚಾದರೂ ಇರಲಿ. ಒಂದು ಹಿಡಿ ತೆಗೆದು ಹಿಂಡಿ: ಕೈಬಿಟ್ಟ ಕೂಡಲೇ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಒದ್ದೆ. ಹೆಪ್ಪುಗಟ್ಟಿದ್ದನ್ನು ತೆಗೆದು, ಬಾಕಿಯನ್ನು ಕೆದಕಿ, ಮೇಲೆ ಒಣ ಉಮಿ ಹಾಕಿ. ಕುಚ್ಚಲಕ್ಕಿ ಮಿಲ್ಲಿನವರು ಉಮಿಯನ್ನು ಒಲೆಗೇ ಬಳಸುತ್ತಾರೆ, ಹಾಗಾಗಿ ಮೊದಲೇ ಹೇಳಿಡಬೇಕು. ಕೋಳಿ ಒಳಗಿರುವಾಗ ಸುಣ್ಣ ಬೆರೆಸಬೇಡಿ, ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಪೂರ್ತಿ ಖಾಲಿ ಮಾಡಿ ತೊಳೆದು ನೆಲಕ್ಕೆ ಸುಣ್ಣ ಬಳಿಯುವುದನ್ನು ಮಳೆ ಬಿಟ್ಟ ಮೇಲೆ, ಬಿಸಿಲಿದ್ದಾಗ ಮಾಡಿ. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಒದ್ದೆ ಹಾಸನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ನಮ್ಮ ಐದು ಮರಿಗಳು ರಕ್ತ ಬೆರೆತ ಹಿಕ್ಕೆ ಹಾಕಿ ಸತ್ತವು. ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಎಂದರು ಡಾಕ್ಟ್ರು. ಆ ರೋಗಾಣು ಬೆಚ್ಚಗಿನ ಒದ್ದೆಯಲ್ಲಿ ಒಂದೆರಡು ದಿನದಲ್ಲೇ ಬಲಿಯುತ್ತದೆ, ಸಾಮಾನ್ಯ ಫಿನಾಯಿಲಿಗೆ ಬಗ್ಗುವುದಿಲ್ಲ. ಇವತ್ತಿಗೂ ಆ ಮರಿಗಳ ನೆನಪಾದರೆ ಸಂಕಟವಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ತೆಗೆದ ಹಾಸನ್ನು ನೇರ ಗಿಡಕ್ಕೆ ಸುರಿದರೆ ಬೇರು ಸುಡುತ್ತದೆ. ತರಗೆಲೆ ಸೇರಿಸಿ, ಮಳೆ ತಾಗದಂತೆ ಮುಚ್ಚಿ, ಎರಡು ಮೂರು ತಿಂಗಳು ಕೊಳೆಯಲು ಬಿಡಿ. ನಮ್ಮ ಮಲ್ಲಿಗೆಗೂ ಬಸಳೆಗೂ ಅದೇ ಗೊಬ್ಬರ.

ನಿಮ್ಮ ಗೂಡಿನ ನೆಲ ಯಾವುದೆಂದು ಬರೆದಿಲ್ಲ. ಮಣ್ಣಾದರೆ ಮಳೆಗಾಲದಲ್ಲಿ ಕೆಳಗಿನಿಂದಲೂ ಒರತೆ ಬರುತ್ತದೆ, ಕೆಂಪುಕಲ್ಲಿನ ಚೂರು ಹಾಕಿ ಅರ್ಧ ಅಡಿ ಎತ್ತರಿಸಿಕೊಳ್ಳಿ.